ನಿಮಗಿದು ಗೊತ್ತೇ? ಬೂತಾಯಿ, ಉಪ್ಪು, ಫುಟ್‌ಬಾಲ್, ಹೊಲಿಗೆ ಯಂತ್ರ

● 1997ರ ಜನವರಿ 14, ಬೆಳಗಿನ ಏಳೂಮುಕ್ಕಾಲು ಗಂಟೆ. ಉತ್ತರ ಕೇರಳದ ವಡಗರ ಕಡಲತೀರದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ದೋಣಿ ತುಂಬಿದ ಬೂತಾಯಿಯನ್ನು ಸುರಿದುಬಿಡಲು ಹೊರಟಿದ್ದರು. ಅದೇ ಹೊತ್ತಿಗೆ 15 ಕಿ.ಮೀ. ಒಳಗಿನ ತೀರಗಳಲ್ಲಿ 27 ಮಂದಿ ಕೊಳ್ಳುವವರು ಮೀನು ಸಿಗದೆ ಬರಿಗೈಲಿ ಹಿಂತಿರುಗುವವರಿದ್ದರು. ಇವರಿಗೆ ಅವರ ಸುದ್ದಿ ತಿಳಿಯದು, ಅವರಿಗೆ ಇವರದು ತಿಳಿಯದು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಇದನ್ನು ದಾಖಲಿಸಿದ್ದು 2007ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ. 1996ರಿಂದ 2001ರವರೆಗೆ 15 ತೀರಗಳ 300 ದೋಣಿಗಳ ಲೆಕ್ಕವನ್ನು ಅವರು ವಾರವಾರವೂ ಬರೆಸಿಟ್ಟಿದ್ದರು.

ಆ ಐದು ವರ್ಷಗಳಲ್ಲೇ ಮೊಬೈಲ್ ಗೋಪುರಗಳು ಬಂದವು. ಮೊದಲು ಕೋಯಿಕ್ಕೋಡ್, ಆಮೇಲೆ ಕಣ್ಣೂರು, ಕೊನೆಗೆ ಕನ್ನಡ ಮಾತಾಡುವ ಊರುಗಳಿರುವ ಕಾಸರಗೋಡು. ಸಿಗ್ನಲ್ ಕಡಲೊಳಗೆ 20 ಕಿ.ಮೀ.ಗೂ ಹೆಚ್ಚು ದೂರ ಸಿಗುತ್ತಿತ್ತು. ದೋಣಿಯಲ್ಲಿದ್ದವರು ನಾಲ್ಕು ಕಡೆ ಫೋನ್ ಮಾಡಿ ದರ ಕೇಳಿ, ಆಮೇಲೆ ದಡದತ್ತ ತಿರುಗತೊಡಗಿದರು. ಅದಕ್ಕೆ ಮುಂಚೆ ಹಿಡಿದ ಮೀನಿನಲ್ಲಿ ನೂರಕ್ಕೆ 5ರಿಂದ 8 ಪಾಲು ಕಸವಾಗುತ್ತಿತ್ತು. ಫೋನ್ ಬಂದ ಮೇಲೆ ಅದು ಬಹುತೇಕ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು. ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೇ ಒಳ್ಳೆಯದಾಗುವುದು ಅಪರೂಪ. ಇಲ್ಲಿ ಆದದ್ದು, ಸುಮ್ಮನೆ ಕೊಳೆಯುತ್ತಿದ್ದ ಮೀನು ಉಳಿದದ್ದರಿಂದ.

● ಹಾಗೆಂದು ಫೋನೊಂದಿದ್ದರೆ ಸಾಕೆನ್ನುವಂತಿಲ್ಲ. ನಂತರ ಅದೇ ಕರಾವಳಿಯಲ್ಲಿ ಓಡಾಡಿದ ಸಂಶೋಧಕರು ಇನ್ನೊಂದು ಸಂಗತಿ ಕಂಡರು. ದೋಣಿಗೆ, ಬಲೆಗೆ ದಲ್ಲಾಳಿಯಿಂದ ಮುಂಗಡ ಪಡೆದವರು ಎಲ್ಲಿ ದರ ಹೆಚ್ಚಿದೆಯೆಂದು ಗೊತ್ತಿದ್ದರೂ ಅಲ್ಲಿಗೆ ಹೋಗಲಾರರು. ಸಾಲ ಕೊಟ್ಟವನ ದಡಕ್ಕೇ ಬರಬೇಕು. ಸಾಲದ ಹಂಗು ತಪ್ಪಿದವನಿಗೆ ಮಾತ್ರ ಫೋನಿನಲ್ಲಿ ಕೇಳಿದ ದರದಿಂದ ಪೂರಾ ಪ್ರಯೋಜನ.

● ಬ್ರಿಟಿಷರ ಕಾಲದ ರೈಲಿನಿಂದ ರೈತನಿಗೆ ಏನು ಸಿಕ್ಕಿತೆಂದು ಅಳೆಯಲು ಡೇವ್ ಡೊನಾಲ್ಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ಕೈಗೆತ್ತಿಕೊಂಡದ್ದು ಉಪ್ಪನ್ನು. ಕಾರಣ ಸರಳ. ಉತ್ತರ ಭಾರತದಲ್ಲಿ ಒಂದೊಂದು ಬಗೆಯ ಉಪ್ಪು ಒಂದೊಂದೇ ಕಡೆ ತಯಾರಾಗುತ್ತಿತ್ತು. ಸಾಂಬರ್ ಸರೋವರದ ಉಪ್ಪು ಸಾಂಬರದಲ್ಲಿ ಮಾತ್ರ. ಆದ್ದರಿಂದ ಹುಟ್ಟಿದ ಊರಿನ ದರಕ್ಕೂ ದೂರದ ಪೇಟೆಯ ದರಕ್ಕೂ ಇರುವ ಅಂತರವೇ ಸಾಗಣೆಯ ಖರ್ಚು. ಎತ್ತುಗಳು ದಿನಕ್ಕೆ 20–30 ಕಿ.ಮೀ. ನಡೆದರೆ ಹೆಚ್ಚು, ರೈಲು 600 ಕಿ.ಮೀ.ವರೆಗೂ ಹೋಗಬಲ್ಲದು. ಹಳೆಯ ಸರ್ಕಾರಿ ಕಡತಗಳಲ್ಲಿ ಜಿಲ್ಲೆ ಜಿಲ್ಲೆಯ ಉಪ್ಪಿನ ದರ ಹೆಕ್ಕಿ ಅವರು ಕಂಡುಕೊಂಡದ್ದು: ರೈಲು ಬಂದ ಜಿಲ್ಲೆಯಲ್ಲಿ ಕೃಷಿಯ ನಿಜ ವರಮಾನ ಸುಮಾರು ಶೇ. 16ರಷ್ಟು ಏರಿತು. ಹಳಿ ಹಾಕಿದ್ದರ ಹಿಂದೆ ಮುಖ್ಯವಾಗಿ ಸೈನ್ಯ ಸಾಗಿಸುವ ಆಲೋಚನೆಯಿತ್ತು ಎಂಬುದನ್ನೂ ಅದೇ ಪ್ರಬಂಧ ಹೇಳುತ್ತದೆ.

● ಹಡಗಿನ ಕಂಟೇನರ್ ಹುಟ್ಟಿದ್ದು ಲಾರಿ ಸಾಹುಕಾರರೊಬ್ಬರ ತಲೆಯಲ್ಲಿ. ಅಮೆರಿಕದ ಮಾಲ್ಕಂ ಮೆಕ್ಲೀನ್ ಅವರ ‘ಐಡಿಯಲ್–ಎಕ್ಸ್’ ಹಡಗು 58 ಪೆಟ್ಟಿಗೆ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟದ್ದು 1956ರ ಏಪ್ರಿಲ್ 26ರಂದು. ಬಿಡಿ ಮೂಟೆಗಳನ್ನು ಹಮಾಲರು ಹೊತ್ತು ತುಂಬಿದರೆ ಟನ್ನಿಗೆ ಹತ್ತಿರ ಹತ್ತಿರ 6 ಡಾಲರ್ ಬೀಳುತ್ತಿತ್ತು. ಪೆಟ್ಟಿಗೆಯಲ್ಲಿ 16 ಸೆಂಟ್. ಲೋಕದ ವ್ಯಾಪಾರ ಹಬ್ಬಿದ್ದರಲ್ಲಿ ಈ ಕಬ್ಬಿಣದ ಪೆಟ್ಟಿಗೆಯ ಪಾಲು ವ್ಯಾಪಾರ ಒಪ್ಪಂದಗಳ ಪಾಲಿಗಿಂತ ದೊಡ್ಡದು ಎಂದು 2016ರ ಒಂದು ಅಧ್ಯಯನ ಲೆಕ್ಕ ಹಾಕಿತು. ಬಂದರುಗಳಲ್ಲಿ ತಲೆಮಾರುಗಳಿಂದ ಮೂಟೆ ಹೊತ್ತವರ ಕೆಲಸ ಮಾತ್ರ ಕೆಲವೇ ವರ್ಷಗಳಲ್ಲಿ ಹೋಯಿತು.

● 2005ರಲ್ಲಿ 299 ಡಾಲರ್‌ಗೆ ಮಾರಾಟವಾಗುತ್ತಿದ್ದ ಐಪಾಡ್ ಒಂದನ್ನು ಕ್ಯಾಲಿಫೋರ್ನಿಯಾದ ಮೂವರು ಸಂಶೋಧಕರು ಬಿಡಿಭಾಗಗಳ ಲೆಕ್ಕದಲ್ಲಿ ಬಿಚ್ಚಿದರು. ಜಪಾನಿನ ಹಾರ್ಡ್‌ಡಿಸ್ಕ್‌ಗೇ 70 ಡಾಲರ್ ದಾಟಿತು. ಆಪಲ್ ಕಂಪನಿಗೆ ಉಳಿದದ್ದು ಸುಮಾರು 80 ಡಾಲರ್. ಹಿಂಬದಿಯಲ್ಲಿ ಚೀನಾದಲ್ಲಿ ಜೋಡಿಸಿದ್ದೆಂಬ ಅಚ್ಚು ಇದ್ದರೂ, ಆ ಜೋಡಿಸುವ ಕೆಲಸಕ್ಕೆ ಸಿಕ್ಕಿದ್ದು 4 ಡಾಲರ್‌ಗೂ ಕಡಿಮೆ. ವ್ಯಾಪಾರದ ಅಂಕಿಅಂಶದಲ್ಲಿ ಮಾತ್ರ ಇಡೀ ಐಪಾಡ್ ಚೀನಾದ ರಫ್ತು.

● ರಾಷ್ಟ್ರೀಯ ವರಮಾನವನ್ನು ಲೆಕ್ಕಹಾಕುವ ಕ್ರಮಕ್ಕೆ ತಳಪಾಯ ಹಾಕಿದ ಸೈಮನ್ ಕುಜ್ನೆಟ್ಸ್, 1934ರಲ್ಲಿ ಅಮೆರಿಕದ ಸೆನೆಟ್‌ಗೆ ಕೊಟ್ಟ ವರದಿಯಲ್ಲೇ ಎಚ್ಚರಿಸಿದ್ದರು: ಈ ಒಂದು ಅಂಕಿ ನೋಡಿ ಜನರ ಕ್ಷೇಮವನ್ನು ಅಳೆಯಲು ಹೋಗಬೇಡಿ.

● ಸರ್ಕಾರಿ ಲೆಕ್ಕ ನೆಚ್ಚಿಕೊಳ್ಳಲಾಗದ ದೇಶಗಳಲ್ಲಿ ಆರ್ಥಿಕತೆ ಬೆಳೆಯಿತೋ ಇಲ್ಲವೋ ತಿಳಿಯುವುದು ಹೇಗೆ? ಅಮೆರಿಕದ ಸೇನೆಯ ಹವಾಮಾನ ಉಪಗ್ರಹಗಳು ರಾತ್ರಿ ತೆಗೆದ ಚಿತ್ರಗಳಲ್ಲಿ ದೀಪದ ಬೆಳಕನ್ನು ಅಳೆದು. ಹೆಂಡರ್‌ಸನ್, ಸ್ಟೋರಿಗಾರ್ಡ್, ವೈಲ್ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಈಗ ಲೋಕದೆಲ್ಲೆಡೆ ಬಳಸುತ್ತಾರೆ.

● ದೀಪದ ಮಾತು ಬಂತು. ವಿಲಿಯಂ ನಾರ್ಡ್‌ಹೌಸ್ (2018ರ ನೊಬೆಲ್ ಪಡೆದವರಲ್ಲೊಬ್ಬರು) ಪುರಾತನ ದೀಪವೊಂದನ್ನು ಕೊಂಡು, ಅದಕ್ಕೆ ಎಳ್ಳೆಣ್ಣೆ ಸುರಿದು ಹಚ್ಚಿ, ಬೆಳಕು ಎಷ್ಟೆಂದು ಮೀಟರ್ ಹಿಡಿದು ನೋಡಿದವರು. ಒಂದು ನಿರ್ದಿಷ್ಟ ಪ್ರಮಾಣದ ಬೆಳಕನ್ನು ಕೊಳ್ಳಲು ಬ್ಯಾಬಿಲೋನಿನ ಕೂಲಿಕಾರ 40 ಗಂಟೆಗೂ ಹೆಚ್ಚು ದುಡಿಯಬೇಕಿತ್ತು. 1992ರ ಅಮೆರಿಕದ ಕೆಲಸಗಾರನಿಗೆ ಅಷ್ಟೇ ಬೆಳಕಿಗೆ ಅರ್ಧ ಸೆಕೆಂಡಿನ ದುಡಿಮೆಯೂ ಬೇಡ.

● ಎಡಿಸನ್ ನ್ಯೂಯಾರ್ಕ್‌ನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. 1900ರ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟರಿನ ಪಾಲು ಶೇ. 5ನ್ನು ಮುಟ್ಟಿರಲಿಲ್ಲ. ಏಕೆ ಇಷ್ಟು ತಡ? ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಕೊಟ್ಟ ಉತ್ತರ ಇದು. ಹಳೆಯ ಕಾರ್ಖಾನೆಗಳಲ್ಲಿ ಒಂದೇ ಉಗಿ ಎಂಜಿನ್. ಅದರಿಂದ ಸೂರಿನುದ್ದಕ್ಕೂ ಒಂದು ದೊಡ್ಡ ಕಬ್ಬಿಣದ ದಂಡ ತಿರುಗುತ್ತದೆ. ಅದಕ್ಕೆ ಬೆಲ್ಟು ಕಟ್ಟಿ ಎಲ್ಲ ಯಂತ್ರ ಓಡಿಸಬೇಕು. ಯಂತ್ರಗಳೆಲ್ಲ ಆ ದಂಡದ ಕೆಳಗೇ, ಒಂದರ ಮೇಲೊಂದು ಮಹಡಿಯಲ್ಲಿ. ಮಾಲೀಕರು ಉಗಿ ಎಂಜಿನ್ ತೆಗೆದು ಅದೇ ಜಾಗದಲ್ಲಿ ಮೋಟರ್ ಇಟ್ಟರು, ಉಳಿದದ್ದನ್ನೆಲ್ಲ ಹಾಗೇ ಬಿಟ್ಟರು, ಹೆಚ್ಚೇನೂ ಗಿಟ್ಟಲಿಲ್ಲ. ಯಂತ್ರಕ್ಕೊಂದು ಮೋಟರ್ ಕೂರಿಸಿ, ಕಟ್ಟಡವನ್ನು ಒಂದೇ ಅಂತಸ್ತಿಗೆ ಇಳಿಸಿ, ಮಾಲು ಸಾಗುವ ಕ್ರಮದಲ್ಲಿ ಯಂತ್ರ ಜೋಡಿಸಿದ ಮೇಲೆ ಉತ್ಪಾದನೆ ಜಿಗಿಯಿತು. ಅಷ್ಟು ಹೊತ್ತಿಗೆ 1920ರ ದಶಕ ಬಂದಿತ್ತು. ಕಂಪ್ಯೂಟರ್ ಎಲ್ಲ ಕಡೆ ಕಾಣುತ್ತಿದೆ, ಉತ್ಪಾದಕತೆಯ ಲೆಕ್ಕದಲ್ಲಿ ಮಾತ್ರ ಕಾಣುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಹೇಳಿದ್ದ ಮಾತಿಗೆ ಡೇವಿಡ್ ಕೊಟ್ಟ ಸಮಾಧಾನವೂ ಇದೇ.

● ಪಾಕಿಸ್ತಾನದ ಸಿಯಾಲ್‌ಕೋಟ್ ಊರು ಫುಟ್‌ಬಾಲ್ ಹೊಲಿಗೆಗೆ ಲೋಕಪ್ರಸಿದ್ಧ. ಚೆಂಡಿನ ಮೈಮೇಲೆ 20 ಷಟ್ಕೋನ, 12 ಪಂಚಕೋನದ ತುಂಡುಗಳಿರುತ್ತವೆ. ಹೊರಪದರದ ರೆಕ್ಸಿನ್ ದುಬಾರಿ ಮಾಲು. ಷಟ್ಕೋನಗಳನ್ನು ಒತ್ತೊತ್ತಾಗಿ ಕತ್ತರಿಸಬಹುದು. ಪಂಚಕೋನಗಳ ನಡುವೆ ಸಂದು ಬಿದ್ದು ರೆಕ್ಸಿನ್ ಹಾಳು. ಡೇವಿಡ್ ಅಟ್ಕಿನ್, ಅಮಿತ್ ಖಂಡೇಲ್ವಾಲ್, ಎರಿಕ್ ವೆರ್‌ಹೂಗನ್ ಮತ್ತು ಲಾಹೋರಿನ ಇಬ್ಬರು ಸಹೋದ್ಯೋಗಿಗಳು ಒಂದು ಹೊಸ ಅಚ್ಚನ್ನೇ ರೂಪಿಸಿದರು. ಒಂದು ಏಟಿಗೆ ಎರಡರ ಬದಲು ನಾಲ್ಕು ಪಂಚಕೋನ, ಸಂದು ಕಡಿಮೆ ಬರುವಂತೆ ಜೋಡಿಸಿದ್ದು. 35 ಕಾರ್ಖಾನೆಗಳಿಗೆ ಬಿಟ್ಟಿಯಾಗಿ ಕೊಟ್ಟರು. ಬಹುತೇಕ ಎಲ್ಲರಿಗೂ ಲಾಭ ಖಚಿತ. 15 ತಿಂಗಳು ಕಳೆದರೂ ಅದನ್ನು ಬಳಸಿದವರು ಬೆರಳೆಣಿಕೆಯಷ್ಟು.

ಏನಾಗಿತ್ತು? ಕತ್ತರಿಸುವವನಿಗೆ ಕೂಲಿ ತುಂಡಿನ ಲೆಕ್ಕದಲ್ಲಿ. ಹೊಸ ಅಚ್ಚಿನಲ್ಲಿ ಕೈ ಕುದುರುವವರೆಗೆ ಕೆಲಸ ನಿಧಾನ, ಅಂದರೆ ಕೂಲಿ ಕಡಿತ. ಉಳಿದ ರೆಕ್ಸಿನ್‌ನ ದುಡ್ಡು ಮಾಲೀಕನ ಜೇಬಿಗೆ. ಹಾಗಾಗಿ ಮಾಲೀಕ ಅಚ್ಚು ಹೇಗಿದೆಯೆಂದು ಕೇಳಿದರೆ ಕೆಲಸಗಾರ ಅದು ಉಪಯೋಗವಿಲ್ಲ ಎನ್ನುತ್ತಿದ್ದ. ಇದನ್ನು ಪರೀಕ್ಷಿಸಲೆಂದು ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದರು. ಕಾರ್ಖಾನೆಗೆ ಒಬ್ಬ ಕತ್ತರಿಸುವವ, ಒಬ್ಬ ಅಚ್ಚೊತ್ತುವವ. ಮಾಲೀಕನ ಎದುರು ಹೊಸ ಅಚ್ಚಿನಲ್ಲಿ ಕೆಲಸ ಮಾಡಿ ತೋರಿಸಿದರೆ ಸುಮಾರು ಒಂದು ತಿಂಗಳ ಸಂಬಳದಷ್ಟು ಹಣ. ಅಷ್ಟಕ್ಕೇ ಹೊಸ ಅಚ್ಚನ್ನು ಬಳಸುವ ಕಾರ್ಖಾನೆಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಏರಿತು.

ಈ ಅಂಕಣಕ್ಕಾಗಿ ಓದಿದವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದು. ಕೆಲಸಗಾರರು ಹೊಸತನ್ನು ಒಪ್ಪುವುದಿಲ್ಲ, ಹಳೇ ಚಾಳಿ ಬಿಡುವುದಿಲ್ಲ ಎಂದು ಕೈಗಾರಿಕಾ ವಲಯದಲ್ಲಿ ಎಷ್ಟು ಸಲ ಕೇಳಿದ್ದೇವೆ. ಸಿಯಾಲ್‌ಕೋಟಿನ ಕೆಲಸಗಾರನಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಆ ಲೆಕ್ಕದಲ್ಲಿ ಅವನ ಪಾಲು ಇರಲಿಲ್ಲ.

● ಮುಂಬೈ ಸುತ್ತಮುತ್ತಲ 17 ಜವಳಿ ಕಂಪನಿಗಳಲ್ಲಿ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಕೆಲವು ಮಿಲ್ಲುಗಳಿಗೆ ದೊಡ್ಡ ಸಲಹಾ ಸಂಸ್ಥೆಯ ತಜ್ಞರನ್ನು ತಿಂಗಳುಗಟ್ಟಲೆ ಉಚಿತವಾಗಿ ಕಳಿಸಿದರು. ಅವರು ಹೇಳಿಕೊಟ್ಟದ್ದರಲ್ಲಿ ಗಹನವಾದದ್ದೇನೂ ಇಲ್ಲ: ನೂಲಿನ ದಾಸ್ತಾನಿಗೆ ಲೇಬಲ್ ಹಚ್ಚಿ ಲೆಕ್ಕವಿಡಿ, ಯಾವ ಮಗ್ಗ ಎಷ್ಟು ಹೊತ್ತು ನಿಂತಿತೆಂದು ಬರೆಯಿರಿ, ಬಟ್ಟೆಯ ದೋಷವನ್ನು ದಿನವೂ ಎಣಿಸಿ, ನೆಲದ ಮೇಲಿನ ಕಸ ಎತ್ತಿ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತು. ಇಷ್ಟು ದಿನ ಏಕೆ ಮಾಡಿರಲಿಲ್ಲವೆಂದರೆ, ತಮ್ಮ ಮಿಲ್ಲು ಚೆನ್ನಾಗಿಯೇ ನಡೆಯುತ್ತಿದೆಯೆಂದು ಮಾಲೀಕರು ನಂಬಿದ್ದರು. ಅಳೆಯದವನಿಗೆ ನಷ್ಟ ಕಾಣುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಸಂಗತಿ: ಒಂದು ಕಂಪನಿ ಎಷ್ಟು ದೊಡ್ಡದಾಗಿ ಬೆಳೆದಿದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುತ್ತಿದ್ದುದು ಮಾಲೀಕರ ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದು. ಹೊರಗಿನ ಮ್ಯಾನೇಜರನ ಮೇಲೆ ನಂಬಿಕೆಯಿಲ್ಲ. ಇಬ್ಬರು ಅಣ್ಣತಮ್ಮಂದಿರಿದ್ದರೆ ಎರಡು ಮಿಲ್ಲು. ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ಹಿಡಿಯದ ಈ ಪದ್ಧತಿಯಿಂದ ನಮ್ಮ ಉದ್ದಿಮೆಗಳು ಎಷ್ಟು ಕುಗ್ಗಿವೆಯೋ ಯೋಚಿಸಿ. ಸಂಶೋಧಕರು ವರ್ಷಗಳ ನಂತರ ಅದೇ ಮಿಲ್ಲುಗಳಿಗೆ ಮತ್ತೆ ಹೋದಾಗ ಕಲಿಸಿದ ಅಭ್ಯಾಸಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿತ್ತು. ಉಳಿದರ್ಧದಿಂದಲೇ ಅವು ಬೇರೆ ಮಿಲ್ಲುಗಳಿಗಿಂತ ಮುಂದಿದ್ದವು.

● ಮನೆಯಿಂದ ಕೆಲಸ ಮಾಡಿದರೆ ಏನಾಗುತ್ತದೆಂಬ ಪರೀಕ್ಷೆ ಕೋವಿಡ್‌ಗೆ ಹತ್ತು ವರ್ಷ ಮೊದಲೇ ಶಾಂಘೈನಲ್ಲಿ ನಡೆದಿತ್ತು. ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್‌ಸೆಂಟರಿನಲ್ಲಿ, ಹುಟ್ಟಿದ ತಾರೀಖು ಸಮಸಂಖ್ಯೆಯಾದವರು ಮನೆಯಿಂದ, ಬೆಸಸಂಖ್ಯೆಯವರು ಕಚೇರಿಯಿಂದ. ಒಂಬತ್ತು ತಿಂಗಳಲ್ಲಿ ಮನೆಯಲ್ಲಿದ್ದವರ ಕೆಲಸ ಶೇ. 13 ಹೆಚ್ಚಾಯಿತು, ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಮನೆಯವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಒಂಟಿತನ ತಾಳಲಾರದೆ ಅರ್ಧದಷ್ಟು ಮಂದಿ ಕಚೇರಿಗೇ ಮರಳಿದರು.

● ಮಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯ 42 ಜನರಿಗೆ ಒಟ್ಟು ಕೊಟ್ಟ ಸಾಲ 27 ಡಾಲರ್. ಗ್ರಾಮೀಣ ಬ್ಯಾಂಕ್ ಬೆಳೆದದ್ದು ಅಲ್ಲಿಂದ, 2006ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದೂ ಆ ಹಾದಿಯಲ್ಲೇ. ನಮ್ಮ ಹಳ್ಳಿಗಳಲ್ಲಿ ‘ಸಂಘದ ಸಾಲ’ ಎನ್ನುವ ಈ ಕಿರುಸಾಲ ಬಡತನ ಕಳೆಯುತ್ತದೆಯೇ? 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ ಈ ಆರು ದೇಶಗಳ ಪ್ರಯೋಗಗಳು ಒಟ್ಟಿಗೇ ಪ್ರಕಟವಾದವು. ಭಾರತದ್ದು ಹೈದರಾಬಾದಿನ 104 ಬಡಾವಣೆಗಳಲ್ಲಿ ನಡೆದದ್ದು. ಎಲ್ಲವುಗಳ ಒಟ್ಟು ತೀರ್ಪು: ಸ್ವಲ್ಪ ಒಳ್ಳೆಯದಾಗಿದೆ, ಬದುಕು ಬದಲಾಗಿಲ್ಲ. ಇದ್ದ ಅಂಗಡಿ ಕೊಂಚ ದೊಡ್ಡದಾಯಿತು. ಮನೆಯ ಒಟ್ಟು ಖರ್ಚು, ಮಕ್ಕಳ ಓದು, ಹೆಂಗಸಿನ ಮಾತಿಗೆ ಸಿಗುವ ಬೆಲೆ ಹೆಚ್ಚೇನೂ ಏರಲಿಲ್ಲ.

ಕೋಲ್ಕತ್ತದ ಇನ್ನೊಂದು ಪ್ರಯೋಗ ಕಂತಿನ ಮೇಲೆ. ಸಾಲ ಕೊಟ್ಟ ಕೂಡಲೇ ವಸೂಲಿ ಶುರು ಮಾಡದೆ ಎರಡು ತಿಂಗಳು ಬಿಡುವು ಕೊಟ್ಟರು. ಜನ ಆ ಹಣವನ್ನು ನಿಜವಾಗಿ ವ್ಯಾಪಾರಕ್ಕೆ ತೊಡಗಿಸಿದರು, ಮುಂದಿನ ವರ್ಷಗಳಲ್ಲಿ ಲಾಭವೂ ಹೆಚ್ಚಿತು. ಸಾಲ ತೀರಿಸದವರೂ ಹೆಚ್ಚಿದರು. ಸಾಲ ಕೊಡುವ ಕಂಪನಿಗಳು ಕೂಡಲೇ ಶುರುವಾಗುವ ಕಂತನ್ನು ಬಿಡದಿರುವುದಕ್ಕೂ ಆ ಕಂತು ಸಾಲಗಾರನನ್ನು ಸಣ್ಣವನಾಗಿಯೇ ಉಳಿಸುವುದಕ್ಕೂ ಕಾರಣ ಒಂದೇ ಕಡೆ ಸಿಕ್ಕಿತು.

● ಸುನಾಮಿಯ ಏಟು ತಿಂದ ಶ್ರೀಲಂಕಾದಲ್ಲಿ ಸಣ್ಣಪುಟ್ಟ ಅಂಗಡಿಗಳಿಗೆ 100 ಅಥವಾ 200 ಡಾಲರ್‌ಗಳನ್ನು ಸಾಲವಾಗಿ ಅಲ್ಲ, ಕೊಡುಗೆಯಾಗಿ ಕೊಟ್ಟು ನೋಡಿದರು. ಆ ಬಂಡವಾಳ ತಿಂಗಳಿಗೆ ಶೇ. 5ರಷ್ಟು ಗಳಿಸಿತು. ಆದರೆ ಗಂಡಸರ ಅಂಗಡಿಯಲ್ಲಿ ಮಾತ್ರ. ಹೆಂಗಸರ ಅಂಗಡಿಯಲ್ಲಿ ಸರಾಸರಿ ಸೊನ್ನೆ. ಹೆಂಗಸರಿಗೆ ವ್ಯಾಪಾರ ಬಾರದು ಎಂಬ ಮಾತು ಎದ್ದಿತು. ಕೆಲವು ವರ್ಷಗಳ ನಂತರ ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತಿತರರು ಶ್ರೀಲಂಕಾ, ಭಾರತ, ಘಾನಾದ ಅಂಕಿಅಂಶಗಳನ್ನು ಮತ್ತೆ ತೆರೆದು ನೋಡಿದಾಗ ನಿಜ ಹೊರಬಿತ್ತು. ಹೆಂಡತಿಯ ಹೆಸರಿಗೆ ಬಂದ ಹಣ ಗಂಡನ ವ್ಯಾಪಾರಕ್ಕೆ ಹೋಗಿತ್ತು. ಮನೆಯಲ್ಲಿ ತಾನೊಬ್ಬಳೇ ವ್ಯಾಪಾರ ಮಾಡುವ ಹೆಂಗಸಿನ ಗಳಿಕೆ ಗಂಡಸಿನ ಗಳಿಕೆಗೆ ಸಮವಾಗಿತ್ತು.

● ಪಶ್ಚಿಮ ಆಫ್ರಿಕಾದ ಟೋಗೊ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಲೆಕ್ಕಪತ್ರ, ಮಾರಾಟದ ಮಾಮೂಲಿ ತರಬೇತಿ. ಇನ್ನೊಂದಕ್ಕೆ ತಾನೇ ಮುಂದೆ ಬಿದ್ದು ಹೊಸತು ಹುಡುಕುವ, ಅಡ್ಡಿ ಬಂದರೆ ದಾರಿ ಕಂಡುಕೊಳ್ಳುವ ಮನೋಭಾವದ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. ಎರಡನೆಯ ಗುಂಪಿನ ಲಾಭ ಶೇ. 30 ಏರಿತು. ಲೆಕ್ಕಪತ್ರ ಕಲಿತವರದು ಖಚಿತವಾಗಿ ಹೇಳುವಷ್ಟು ಏರಲಿಲ್ಲ.

● ಕೆನ್ಯಾದಲ್ಲಿ 2007ರ ಮಾರ್ಚ್‌ನಲ್ಲಿ ಶುರುವಾದ ಎಂ–ಪೇಸಾ, ಸಾದಾ ಫೋನಿನಿಂದ ಹಣ ಕಳಿಸುವ ಸೇವೆ. ಸ್ಮಾರ್ಟ್‌ಫೋನ್ ಬೇಡ, ಬ್ಯಾಂಕ್ ಖಾತೆ ಬೇಡ; ಬೀದಿಯ ಅಂಗಡಿಯವನೇ ಏಜೆಂಟ್. ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ವರ್ಷಗಳ ಕಾಲ ಅದೇ ಮನೆಗಳನ್ನು ಮತ್ತೆ ಮತ್ತೆ ಕೇಳಿ ನೋಡಿದರು. ಮನೆಯಲ್ಲಿ ಕಾಯಿಲೆಯೋ, ಬೆಳೆ ನಾಶವೋ, ಕೆಲಸ ಹೋಗುವುದೋ ಆದಾಗ, ಸೇವೆ ಬಳಸದವರ ಮನೆಯ ಖರ್ಚು ಶೇ. 7 ಇಳಿಯಿತು, ಎಂದರೆ ಅಷ್ಟರ ಮಟ್ಟಿಗೆ ಹೊಟ್ಟೆಬಟ್ಟೆ ಕಟ್ಟಿದರು. ಬಳಸುವವರ ಮನೆಯಲ್ಲಿ ಇಳಿಯಲಿಲ್ಲ. ದೂರದೂರಿನ ನೆಂಟರಿಂದ, ಗೆಳೆಯರಿಂದ ಹಣ ಅದೇ ದಿನ ಬಂದು ತಲುಪುತ್ತಿತ್ತು. 2016ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಕೆನ್ಯಾದ 1,94,000 ಮನೆಗಳು, ದೇಶದ ಶೇ. 2ರಷ್ಟು, ಕಡುಬಡತನದಿಂದ ಮೇಲೆದ್ದವು. 1,85,000 ಹೆಂಗಸರು ಹೊಟ್ಟೆಪಾಡಿನ ಬೇಸಾಯ ಬಿಟ್ಟು ವ್ಯಾಪಾರಕ್ಕಿಳಿದರು.

● 1979ರಲ್ಲಿ ಬಾಂಗ್ಲಾದೇಶದ ‘ದೇಶ್’ ಗಾರ್ಮೆಂಟ್ಸ್ ಕಂಪನಿ 130 ಮಂದಿಯನ್ನು ದಕ್ಷಿಣ ಕೊರಿಯಾದ ಡೇವೂ ಕಾರ್ಖಾನೆಗೆ ತರಬೇತಿಗೆ ಕಳಿಸಿತು. ಮುಂದಿನ ವರ್ಷಗಳಲ್ಲಿ ಅವರಲ್ಲಿ 115 ಮಂದಿ ಕಂಪನಿ ಬಿಟ್ಟು ಸ್ವಂತ ಕಾರ್ಖಾನೆ ಹಾಕಿದರು, ಇಲ್ಲವೇ ಬೇರೆಡೆ ಸೇರಿದರು. ಕಂಪನಿಗೆ ಅದು ನಷ್ಟ. ಬಾಂಗ್ಲಾದೇಶಕ್ಕೆ ಅದು ಸಿದ್ಧ ಉಡುಪಿನ ಉದ್ಯಮವನ್ನೇ ಕಟ್ಟಿಕೊಟ್ಟಿತು. ಗಾರ್ಮೆಂಟ್ಸ್ ಹತ್ತಿರವಿರುವ ಅಲ್ಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ವರ್ಷ ಓದುತ್ತಾರೆ, ಬೇಗ ಮದುವೆಯಾಗುವುದು ಕಡಿಮೆ ಎಂದು ರೇಚಲ್ ಹೀತ್ ಮತ್ತು ಮುಷ್ಫಿಕ್ ಮೊಬಾರಕ್ 2015ರಲ್ಲಿ ತೋರಿಸಿದರು.

● ಕೆಲಸದ ಸುದ್ದಿಯೊಂದೇ ಮನೆಯ ತೀರ್ಮಾನ ಬದಲಿಸಬಲ್ಲದು. ದೆಹಲಿ ಸುತ್ತಲಿನ ಕೆಲವು ಹಳ್ಳಿಗಳಿಗೆ ಮೂರು ವರ್ಷ ಬಿಪಿಒ ಕೆಲಸಕ್ಕೆ ಆಳು ಹುಡುಕುವವರನ್ನು ಕಳಿಸಿದಾಗ, 15ರಿಂದ 21ರ ಹುಡುಗಿಯರು ಮದುವೆ ಮುಂದೂಡಿ ಓದಿಗೋ ಕೆಲಸಕ್ಕೋ ಹೊರಟರು. ಇದೂ ಬೂತಾಯಿಯ ಲೆಕ್ಕ ಬರೆಸಿದ ಜೆನ್ಸನ್ ಅವರ ಅಧ್ಯಯನವೇ, 2012ರದು.

● ಎಲ್ಲ ಕಾರ್ಖಾನೆಯೂ ವರವಲ್ಲ. ಇಥಿಯೋಪಿಯಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕೈಗಾರಿಕೆಯ ಕೆಲಸಕ್ಕೆ ಸೇರಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಒಂದು ವರ್ಷದೊಳಗೆ ಬಿಟ್ಟರು. ಸಂಬಳ ಹೊರಗಿನ ಕೂಲಿಗಿಂತ ಹೆಚ್ಚಿರಲಿಲ್ಲ, ಆರೋಗ್ಯಕ್ಕೆ ಕೇಡು ಬೇರೆ.

● ಈಜಿಪ್ಟಿನ ಫುವ್ವಾ ಪಟ್ಟಣದ ಜಮಖಾನೆ ನೇಯುವವರಿಗೆ ವಿದೇಶದ ಆರ್ಡರ್ ಕೊಡಿಸಿದರೆ ಲಾಭ ಶೇ. 16ರಿಂದ 26ರಷ್ಟು ಏರಿತು. ಅದೇ ಕೈಗಳ ನೇಯ್ಗೆಯೂ ಸುಧಾರಿಸಿತು.

● ಕೃತಕ ಬುದ್ಧಿಮತ್ತೆಯ ಬಗ್ಗೆ ಪರಸ್ಪರ ವಿರುದ್ಧವೆನಿಸುವ ಎರಡು ಫಲಿತಾಂಶಗಳಿವೆ. 5,000ಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯ ಅಧ್ಯಯನದಲ್ಲಿ (ಅವರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸ್‌ನವರು) ಗ್ರಾಹಕರಿಗೆ ಏನು ಉತ್ತರಿಸಬೇಕೆಂದು ಎಐ ಸೂಚಿಸತೊಡಗಿದಾಗ ಕೆಲಸದ ವೇಗ ಸರಾಸರಿ ಶೇ. 15ರಷ್ಟು ಹೆಚ್ಚಿತು, ಹೊಸಬರದು ಶೇ. 30ರ ಆಸುಪಾಸು. ಪಳಗಿದವರಿಗೆ ಹೆಚ್ಚೇನೂ ಉಪಯೋಗವಾಗಲಿಲ್ಲ. ಕೆನ್ಯಾದ ಸಣ್ಣ ಉದ್ಯಮಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಎಐ ಸಲಹೆಗಾರನನ್ನು ಕೊಟ್ಟಾಗ ಮೊದಲೇ ಚೆನ್ನಾಗಿದ್ದವರು ಸುಮಾರು ಶೇ. 15 ಮೇಲೇರಿದರು, ತೆವಳುತ್ತಿದ್ದವರು ಸುಮಾರು ಶೇ. 8 ಕೆಳಗಿಳಿದರು. ಕಾಲ್‌ಸೆಂಟರಿನಲ್ಲಿ ಪ್ರಶ್ನೆ ಸಿದ್ಧವಾಗಿರುತ್ತದೆ, ಉತ್ತರ ಸಿಕ್ಕರೆ ಸಾಕು. ವ್ಯಾಪಾರದಲ್ಲಿ ಯಾವ ಸಲಹೆ ಹಿಡಿಯಬೇಕು, ಯಾವುದನ್ನು ಬಿಡಬೇಕೆಂಬ ವಿವೇಕವೇ ಅರ್ಧ ಕೆಲಸ. ವ್ಯತ್ಯಾಸಕ್ಕೆ ಇದೇ ಕಾರಣವಿರಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: ಕಾಲ್‌ಸೆಂಟರಿನ ಎಐ ಕಲಿತದ್ದು ಅಲ್ಲಿನ ನುರಿತ ಕೆಲಸಗಾರರ ಸಂಭಾಷಣೆಗಳಿಂದ. ಕಲಿಸಿದ್ದಕ್ಕೆ ಅವರಿಗೆ ಬೇರೆ ಸಂಭಾವನೆ ಸಿಗಲಿಲ್ಲ.

● ಹೊಸ ಯಂತ್ರ, ಹೊಸ ವಿಚಾರ ಹಳೆಯದನ್ನು ಕೆಡವುತ್ತಲೇ ಬೆಳವಣಿಗೆ ತರುತ್ತದೆ ಎಂಬುದನ್ನು ಗಣಿತದ ಮಾದರಿಯಲ್ಲಿ ಕಟ್ಟಿದವರು ಫಿಲಿಪ್ ಆಘಿಯಾನ್ ಮತ್ತು ಪೀಟರ್ ಹೋವಿಟ್. ಪ್ರಬಂಧ ಬಂದದ್ದು 1992ರಲ್ಲಿ. ಆರ್ಥಿಕ ಇತಿಹಾಸಕಾರ ಜೋಯೆಲ್ ಮೋಕಿರ್ ಜೊತೆ ಅವರಿಗೆ ನೊಬೆಲ್ ಸಿಕ್ಕಿದ್ದು 2025ರಲ್ಲಿ.

● ಕರ್ನಾಟಕದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತಂದದ್ದು 2014ರ ಫೆಬ್ರವರಿಯಿಂದ. ಮುಂಚೆ ಒಂದು ಯಾರ್ಡಿನ ಲೈಸೆನ್ಸ್ ಇದ್ದವನು ಅಲ್ಲೇ ಕೊಳ್ಳಬೇಕಿತ್ತು. ಈಗ ಲಾಟ್ ನಂಬರ್ ನೋಡಿ ಬೇರೆ ಊರಿನಿಂದಲೂ ದರ ಹಾಕಬಹುದು. 2019ರ ನವೆಂಬರ್‌ವರೆಗೆ ಇಲ್ಲಿ ವಹಿವಾಟಾದ ಮಾಲು 6.28 ಕೋಟಿ ಟನ್. ಎಂಐಟಿಯ ಸಂಶೋಧಕರು ಅಂಕಿಅಂಶ ಜಾಲಾಡಿ 2020ರಲ್ಲಿ ಹೇಳಿದ್ದು: ಭತ್ತದ ದರ ಶೇ. 5.1, ಶೇಂಗಾದ್ದು ಶೇ. 3.6, ಮೆಕ್ಕೆಜೋಳದ್ದು ಶೇ. 3.5 ಏರಿತು. ಹತ್ತಿ, ಹೆಸರು, ತೊಗರಿಗೆ ಹೇಳುವಂಥ ಏರಿಕೆ ಇಲ್ಲ. ಕ್ವಿಂಟಲಿಗೆ ಐದು ರೂಪಾಯಿಯ ಏರಿಳಿತಕ್ಕೂ ತಲೆಕೆಡಿಸಿಕೊಳ್ಳುವ ರೈತನಿಗೆ ಶೇ. 5 ದೊಡ್ಡದೇ. ಬೇಸಾಯದ ಖರ್ಚು ಹಾಗೇ ಇರುವುದರಿಂದ ಏರಿದ ದರವೆಲ್ಲ ಲಾಭಕ್ಕೆ ಸೇರುತ್ತದೆ.

ಎಂಐಟಿಯ ಆ ಸಂಶೋಧಕರೇ ಮುಂದೆ ರಾಜ್ಯದ ಬೇಳೆಕಾಳಿನ ದೊಡ್ಡ ಮಾರುಕಟ್ಟೆಯೊಂದರಲ್ಲಿ ಹರಾಜನ್ನು ಎರಡು ಸುತ್ತು ಮಾಡಿಸಿದರು. ಮೊದಲ ಸುತ್ತಿನಲ್ಲಿ ಹೆಚ್ಚು ಕೂಗಿದವರಿಗೆ ಮಾತ್ರ ಇನ್ನೊಮ್ಮೆ ದರ ಏರಿಸುವ ಅವಕಾಶ. ಕಟ್ಟಡ ಬೇಡ, ಯಂತ್ರ ಬೇಡ, ನಿಯಮವೊಂದೇ ಬದಲು. ದರ ಶೇ. 4.7 ಏರಿತು, 10,000ಕ್ಕೂ ಹೆಚ್ಚು ರೈತರಿಗೆ ಅದು ತಲುಪಿತು. ಇಂಥದ್ದನ್ನು ಉಳಿದ ಯಾರ್ಡುಗಳಲ್ಲೂ ಪರೀಕ್ಷಿಸಿ ನೋಡಬೇಕು.

● ಬೆಂಗಳೂರಿನ ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಟ್ಯೂಬ್‌ಲೈಟ್ ಬದಲು ಎಲ್‌ಇಡಿ ಹಾಕಿದ್ದು ಕರೆಂಟ್ ಬಿಲ್ ಉಳಿಸಲೆಂದು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಷಾಧಂ ಎಂಬ ಸಂಶೋಧಕರು ಲೈನ್ ಲೈನಿನ ದಿನದ ಉತ್ಪಾದನೆಯನ್ನು ಆ ದಿನದ ಬಿಸಿಲಿನ ಜೊತೆ ಇಟ್ಟು ನೋಡಿದರು. ಹೊಲಿಗೆ ಯಂತ್ರದ ಹತ್ತಿರವೇ ಉರಿಯುವ ದೀಪದ ಕಾವು ಕಡಿಮೆಯಾದದ್ದರಿಂದ, ಸೆಕೆ ಹೆಚ್ಚಿರುವ ದಿನಗಳಲ್ಲಿ ಕೆಲಸ ಚುರುಕಾಗಿತ್ತು. ಒಂದು ಕಾರ್ಖಾನೆಗೆ ಕರೆಂಟಿನಲ್ಲಿ ಉಳಿದದ್ದು ಸರಾಸರಿ 2,880 ಡಾಲರ್. ಹೆಚ್ಚಾದ ಉತ್ಪಾದನೆಯಿಂದ ಬಂದದ್ದು ಸುಮಾರು 7,500 ಡಾಲರ್. ಸೆಕೆ ಕೆಲಸಗಾರ್ತಿಯ ಕಷ್ಟ ಮಾತ್ರವೆಂದು ಯಾರೂ ಅದರ ಲೆಕ್ಕ ಹಾಕಿರಲಿಲ್ಲ. ಮಾಲೀಕರ ನಷ್ಟವೂ ಅದರಲ್ಲೇ ಇತ್ತು.

● ಅದೇ ಸಂಶೋಧಕರು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ನಡುವೆ ಇನ್ನೊಂದು ಪ್ರಯೋಗ ನಡೆಸಿದರು. ಕೆಲವರಿಗೆ ಚೀಟಿ ಎತ್ತಿದಂತೆ ಆರಿಸಿ ಒಂದು ತರಬೇತಿ: ಧೈರ್ಯವಾಗಿ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ತೊಂದರೆ ಬಂದರೆ ಬಿಡಿಸಿಕೊಳ್ಳುವುದು. ಹೊಲಿಗೆಯ ಪಾಠ ಇದರಲ್ಲಿರಲಿಲ್ಲ. ಆದರೂ ಕಲಿತವರು ಹೊಲಿಗೆಯಲ್ಲೂ ಮುಂದೆ ಬಂದರು. ಕಷ್ಟದ ಆಪರೇಷನ್‌ಗಳನ್ನು ತಾವಾಗಿ ಕಲಿತರು. ತರಬೇತಿ ಮುಗಿದ ಮೇಲೆ ಅವರ ಉತ್ಪಾದಕತೆ ಉಳಿದವರಿಗಿಂತ ಶೇ. 13.5 ಹೆಚ್ಚಿತ್ತು. ಕಂಪನಿ ಹಾಕಿದ ಹಣ ಎಂಟೇ ತಿಂಗಳಲ್ಲಿ ಖರ್ಚು ಕಳೆದು ಎರಡೂವರೆ ಪಟ್ಟು ಲಾಭ ತಂದಿತು.

ಅವರ ಸಂಬಳ ಎಷ್ಟು ಏರಿತು? ಶೇ. 0.5.

ಬೇರೆ ಕಡೆ ಹೆಚ್ಚಿಗೆ ಸಿಗುವ ಕೆಲಸ ಅವರಿಗೆ ಸುಲಭವಾಗಿ ಕಾಣುತ್ತಿರಲಿಲ್ಲ; ಬಿಟ್ಟುಹೋಗುವವರ ಸಂಖ್ಯೆಯೂ ಬದಲಾಗಲಿಲ್ಲ. ಬಿಟ್ಟುಹೋಗರು ಎಂದು ಗೊತ್ತಿರುವಾಗ ಸಂಬಳ ಏರಿಸುವ ಒತ್ತಡವೂ ಇಲ್ಲ. ಕಾರ್ಖಾನೆಗೆ ಇದು ಒಳ್ಳೆಯ ಸುದ್ದಿ ಎಂದಷ್ಟೇ ಈ ಫಲಿತಾಂಶ ಸಾರಿದರೆ ಸಾಲದು. ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನದ ಮಾತುಕತೆಗೆ ಕೂರುವ ಮಾಲೀಕರು, ಸಂಘಟನೆಯವರು, ಕಾರ್ಮಿಕ ಇಲಾಖೆಯವರು 13.5 ಮತ್ತು 0.5 ಎಂಬ ಈ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡು ಮಾತಾಡಲಿ.